ಸೀಟಿನ ಕೆಳಗಿನ ಕಚ್ಚು

ಅಪ್ಪನ ಸೈಕಲ್ಲಿನ ಸೀಟಿನ ಕೆಳಗೆ, ಕೊಳವೆಗಳು ಕೂಡುವ ಗಂಟಿನ ಹಿಂಬದಿಯಲ್ಲಿ, ಅರದಿಂದ ಉಜ್ಜಿ ಮಾಡಿದ ಒಂದು ಸಣ್ಣ ಕಚ್ಚು ಇತ್ತು. ನಿಂತು ನೋಡಿದರೆ ಕಣ್ಣಿಗೆ ಬೀಳುತ್ತಿರಲಿಲ್ಲ. ಸೀಟಿನಡಿಗೆ ಕೈ ತೂರಿಸಿ ಬೆರಳಾಡಿಸಿದರೆ ತೋರುಬೆರಳಿನ ತುದಿ ಹೋಗಿ ಅದರಲ್ಲಿ ಕೂರುತ್ತಿತ್ತು.

ಅಪ್ಪ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ಆ ಕಾರ್ಖಾನೆ ಈಗಿಲ್ಲ. ಅದರ ಕಾಂಪೌಂಡ್ ಗೋಡೆ ಇದೆ. ಅವರ ಕಾಲದಲ್ಲಿ ಅಲ್ಲಿ ಹೆಚ್ಚುಕಡಿಮೆ ಎಲ್ಲರೂ ಸೈಕಲ್ಲಿನಲ್ಲೇ ಬರುತ್ತಿದ್ದರು. ಎಲ್ಲರ ಸೈಕಲ್ಲೂ ಕಪ್ಪು, ಒಂದೇ ಎತ್ತರ, ಒಂದೇ ನಮೂನೆಯ ಕ್ಯಾರಿಯರ್. ಪಾಳಿ ಬಿಟ್ಟಾಗ ಸ್ಟ್ಯಾಂಡಿನ ಮಂಕು ದೀಪದಲ್ಲಿ ತನ್ನದು ಯಾವುದೆಂದು ಹುಡುಕುವುದೇ ಇನ್ನೊಂದು ಪಾಳಿಯ ಕೆಲಸ. ಕೆಲವರು ಹ್ಯಾಂಡಲ್ಲಿಗೆ ಕೆಂಪು ದಾರ ಕಟ್ಟುತ್ತಿದ್ದರು, ಕೆಲವರು ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ಟೋಕನ್ ನಂಬರ್ ಬರೆಸುತ್ತಿದ್ದರು. ಬೇರೆಯವರ ಗಾಡಿಯನ್ನು ತನ್ನದೆಂದು ತುಳಿದುಕೊಂಡು ಹೋದವನು ಮರುದಿನ ಅದರ ಒಡೆಯನಿಗೆ ಕ್ಯಾಂಟೀನಿನಲ್ಲಿ ಟೀ ಕೊಡಿಸಬೇಕು ಎಂಬುದು ಅಲ್ಲಿನ ರೂಢಿ. ಅಪ್ಪ ಆ ಟೀಯನ್ನು ಬೇಕಾದಷ್ಟು ಸಲ ಕುಡಿದಿದ್ದರಂತೆ, ಒಮ್ಮೆಯೂ ಕೊಡಿಸಿರಲಿಲ್ಲವಂತೆ.

“ದಾರ ಬಿಚ್ಕೊಳುತ್ತೆ, ಪೇಂಟ್ ಕೆರೆದ್ರೆ ಹೋಗುತ್ತೆ,” ಎನ್ನುತ್ತಿದ್ದರು. “ಕಬ್ಬಿಣದಲ್ಲಿ ಹಾಕಿದ್ದನ್ನ ಯಾವನ್ ಅಳಿಸ್ತಾನೆ?”

ಆ ಕಚ್ಚಿನ ವಿಷಯ ನಮ್ಮ ಮನೆಯ ಮೂವರನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಎಲ್ಲರಿಗೂ ಹೇಳಿಕೊಂಡು ತಿರುಗಿದರೆ ಅದು ಗುರುತು ಹೇಗಾಗುತ್ತದೆ ಎಂಬುದು ಅಪ್ಪನ ವಾದ.

ಅವರಿಗೆ ಮರೆವಿನ ಕಾಯಿಲೆ ಎಂದು ಗೊತ್ತಾದ ಮೇಲೆ ಒಂದೊಂದೇ ಹೋಗತೊಡಗಿತು. ಮೊದಲು ವಾರಗಳ ಹೆಸರು. ಆಮೇಲೆ ನಲ್ಲಿ ನಿಲ್ಲಿಸುವುದು. ಆಮೇಲೆ ಸೋದರಮಾವನ ಮುಖ. ಹೋದ ಯುಗಾದಿಯ ಹೊತ್ತಿಗೆ ನಾನು ಹೋದೆ. ಒಂದು ಬೆಳಿಗ್ಗೆ ಕಾಫಿ ಲೋಟ ಕೈಗೆ ಕೊಟ್ಟಾಗ ಅಪ್ಪ ಅರ್ಧ ಎದ್ದು ನಿಂತು, “ನಿಮಗ್ಯಾಕೆ ತೊಂದರೆ ಮೇಡಂ,” ಎಂದರು. ಬ್ಯಾಂಕಿನ ಅಧಿಕಾರಿಯನ್ನೋ ಆಸ್ಪತ್ರೆಯ ಡಾಕ್ಟರನ್ನೋ ಮಾತಾಡಿಸುವ ದನಿ. ಅಂದಿನಿಂದ ನಾನು ಮೇಡಂ. ಅವರು ನನ್ನೊಂದಿಗೆ ಯಾವತ್ತೂ ಇಷ್ಟು ಮರ್ಯಾದೆಯಿಂದ ಮಾತಾಡಿರಲಿಲ್ಲ. ಅಮ್ಮನನ್ನು ಕೆಲವು ದಿನ ತಮ್ಮ ಅಕ್ಕ ಎಂದುಕೊಳ್ಳುತ್ತಿದ್ದರು, ಕೆಲವು ದಿನ ಹೆಂಡತಿಯೆಂದೇ ಗೊತ್ತಾಗುತ್ತಿತ್ತು.

ಸೈಕಲ್ಲನ್ನು ಗುರುತಿಸುವುದು ಮಾತ್ರ ಒಂದು ದಿನವೂ ತಪ್ಪಿರಲಿಲ್ಲ. ಬೀಗ ಹಾಕಿ ಕೀಲಿಯನ್ನು ಅಮ್ಮ ಅಡಗಿಸಿಟ್ಟಿದ್ದಳು, ಏಕೆಂದರೆ ಒಮ್ಮೆ ಅದನ್ನು ತುಳಿದುಕೊಂಡು ತುಮಕೂರು ರಸ್ತೆಯವರೆಗೆ ಹೋಗಿಬಿಟ್ಟಿದ್ದರು, ಲಾರಿಗಳ ನಡುವೆ, ಮೊದಲ ಪಾಳಿಗೆಂದು. ಆದರೂ ದಿನಾ ಕಾಫಿಯಾದ ಮೇಲೆ ಸಂಪಿನ ಪಕ್ಕದ ನೆರಳಿಗೆ ಹೋಗಿ ಸೀಟಿನಡಿಗೆ ಬೆರಳು ತೂರಿಸುತ್ತಿದ್ದರು. ಬೆರಳು ನಿಲ್ಲುತ್ತಿತ್ತು. “ನಮ್ದೇ,” ಎನ್ನುತ್ತಿದ್ದರು. ಆಮೇಲೆ ಬಟ್ಟೆ ತೆಗೆದುಕೊಂಡು ಕಡ್ಡಿ ಕಡ್ಡಿಯನ್ನೂ ಒರೆಸುತ್ತಿದ್ದರು.

ಆ ಹೊತ್ತಿಗೆ ಸರಿಯಾಗಿ ಅಮ್ಮನಿಗೆ ಅಂಗಳದಲ್ಲಿ ಏನಾದರೂ ಕೆಲಸ ಇರುತ್ತಿತ್ತು. ನಾನೂ ಲ್ಯಾಬಿಗೆ ಹೊರಡುವ ಮೊದಲು ಚಪ್ಪಲಿ ಹಾಕಿಕೊಳ್ಳುವ ನೆಪದಲ್ಲಿ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ನಾವಿಬ್ಬರೂ ಯಾತಕ್ಕೆ ಅಲ್ಲಿದ್ದೇವೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ಆ ಒಂದು ಮಾತು ಹೇಳುವಾಗ ಅಪ್ಪನ ಮುಖದಲ್ಲಿ ಅನುಮಾನ ಇರುತ್ತಿರಲಿಲ್ಲ. ಉಳಿದ ಹೊತ್ತೆಲ್ಲ ಅವರು ಯಾರದೋ ಮನೆಗೆ ಬಂದ ನೆಂಟರ ಹಾಗೆ ಅಂಜಿಕೊಂಡು ಇರುತ್ತಿದ್ದರು. ಬೆಳಗಿನ ಆ ಗಳಿಗೆಯಲ್ಲಿ ಮಾತ್ರ ಅದು ಅವರ ಅಂಗಳ, ಅವರ ಗಾಡಿ, ಅವರೇ ಹಾಕಿದ ಗುರುತು. ಅದು ಇರುವವರೆಗೆ ಅಪ್ಪ ಇದ್ದಾರೆ ಎಂದು ನಾನು ಅಂದುಕೊಂಡಿದ್ದೆ.

ನಮ್ಮ ಬಡಾವಣೆ ಪೀಣ್ಯದ ಹಿಂಬದಿಯಲ್ಲಿದೆ. ಕಾರ್ಖಾನೆಯವರೇ ಸೇರಿ ಸೊಸೈಟಿ ಮಾಡಿಕೊಂಡು ಸೈಟು ಹಂಚಿಕೊಂಡದ್ದು. ಈಗ ಅರ್ಧಕ್ಕಿಂತ ಹೆಚ್ಚು ಮನೆಗಳ ಮೇಲೆ ಮಹಡಿ ಎದ್ದು, ಶೆಡ್ಡುಗಳಲ್ಲಿ ಕೆಲಸ ಮಾಡುವವರು, ಮಾದನಾಯಕನಹಳ್ಳಿಯ ಗೋದಾಮುಗಳಿಗೆ ಹೋಗುವವರು ಬಾಡಿಗೆಗಿದ್ದಾರೆ. ಬಡಾವಣೆಯ ಸಂಘದ ಕಾರ್ಯದರ್ಶಿಗಳು ಅಪ್ಪನ ಕಾರ್ಖಾನೆಯಲ್ಲೇ ಲೆಕ್ಕಪತ್ರ ವಿಭಾಗದಲ್ಲಿದ್ದವರು. ರಾಜ್ಯೋತ್ಸವಕ್ಕೆ ಸ್ವಲ್ಪ ಮೊದಲು ಒಂದು ಸಂಜೆ ಅವರು ನಮ್ಮ ಮನೆಗೆ ಬಂದರು.

“ಈಗಿರೋ ಹುಡುಗ್ರಿಗೆ ಈ ಲೇಔಟ್ ಆಕಾಶದಿಂದ ಉದುರಿತು ಅಂತ ಅಂದಾಜು ಕಣಮ್ಮ,” ಎಂದು ಅಮ್ಮನಿಗೆ ಹೇಳಿದರು. “ಸೈಕಲ್ ತುಳ್ಕೊಂಡ್ ಬಂದು, ಕ್ಯಾರಿಯರ್‌ನಲ್ಲಿ ಸಿಮೆಂಟ್ ಮೂಟೆ ಇಟ್ಕೊಂಡ್ ಬಂದು ಕಟ್ಟಿದ್ದು ನಾವು. ಅದಕ್ಕೇ ಈ ಸಲ ಆರ್ಕೆಸ್ಟ್ರಾ ಬೇಡ ಅಂದೆ. ಹಳೇ ಸೈಕಲ್‌ಗಳ್ನೆಲ್ಲ ಹೊರಗ್ ತೆಗ್ದು, ಪಾರ್ಕ್ ಗೇಟು, ಬೇಕರಿ, ನೀರಿನ ಟ್ಯಾಂಕು, ಬಸ್ ಸ್ಟಾಪು, ಜನ ಎಲ್ಲೆಲ್ಲಿ ನಿಲ್ತಾರೋ ಅಲ್ಲಲ್ಲಿ ಒಂದೊಂದು ನಿಲ್ಸೋದು. ಪಕ್ಕದಲ್ಲಿ ಅದರ ಕಥೆ ಬರೆದ ಬೋರ್ಡು.”

“ತುಕ್ಕು ಹಿಡಿದ ಸೈಕಲ್ಲನ್ನ ಯಾರ್ ನೋಡ್ತಾರೆ ಅಣ್ಣ?”

“ನಿನ್ನ ಗಂಡನ್ ಗಾಡಿ ತುಕ್ಕು ಹಿಡಿದಿದ್ಯೇನಮ್ಮ? ದಿನಾ ಎಣ್ಣೆ ಹಚ್ಚಿ ನೀವಿ ಮಲಗಿಸ್ತಾನೆ. ನನ್ನನ್ನ ನಮ್ಮನೇಲಿ ಒಂದಿನ ಹಾಗೆ ನೋಡ್ಕೊಂಡಿಲ್ಲ.”

ಅಮ್ಮ ನಕ್ಕಳು. ಅವಳು ನಕ್ಕು ಬಹಳ ದಿನವಾಗಿತ್ತು. ನಮ್ಮ ಸೈಕಲ್ಲನ್ನು ಪಾರ್ಕ್ ಗೇಟಿನ ಬಳಿ, ನಮ್ಮ ಮನೆಗೆ ಹತ್ತಿರದಲ್ಲೇ ನಿಲ್ಲಿಸುವುದೆಂದು ಮಾತಾಯಿತು. ಅಪ್ಪ ದಿನಾ ಹೋಗಿ ಮುಟ್ಟಿ ನೋಡಬಹುದು, ಒರೆಸಬಹುದು. ಜನರ ಕಣ್ಣಿಗೂ ಬೀಳುತ್ತಾರೆ. ಈಚೆಗೆ ಅವರನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಬೋರ್ಡುಗಳನ್ನು ಬರೆಯುವ ಕೆಲಸ ನನಗೆ ಬಂತು.

ಆ ಕೆಲಸ ನನಗೆ ಇಷ್ಟವಾಯಿತು. ನಾನು ಕೆಲಸ ಮಾಡುವುದು ಅಳತೆಯ ಉಪಕರಣಗಳನ್ನು ಪರೀಕ್ಷಿಸುವ ಲ್ಯಾಬಿನಲ್ಲಿ. ಅಲ್ಲಿ ಮಾತು ಕಡಿಮೆ, ಅದು ನನಗೆ ಅನುಕೂಲ. ಈಗ ಮನೆ ಮನೆಗೆ ಹೋಗಿ ಕೂತು ಕೇಳಬೇಕಾಯಿತು. ಪುರಸಭೆಗೆ ವರ್ಷ ವರ್ಷ ದುಡ್ಡು ಕಟ್ಟಿ ಸೈಕಲ್ಲಿಗೆ ತಗಡಿನ ಬಿಲ್ಲೆ ಹಾಕಿಸಿಕೊಳ್ಳಬೇಕಿದ್ದ ಕಾಲದ ಒಂದು ಸೈಕಲ್ಲು, ಬಿಲ್ಲೆಯ ಸಮೇತ, ಒಬ್ಬರ ಅಟ್ಟದಲ್ಲಿತ್ತು. ನಿವೃತ್ತ ಶಿಕ್ಷಕಿಯೊಬ್ಬರ ಲೇಡೀಸ್ ಸೈಕಲ್ಲಿನ ಹಿಂದಿನ ಚಕ್ರಕ್ಕೆ, ಸೀರೆಯ ಸೆರಗು ಸಿಕ್ಕದಿರಲಿ ಎಂದು ಹೆಣೆದ ಬಲೆ ಇನ್ನೂ ಹರಿದಿರಲಿಲ್ಲ. ದೀಪವಿಲ್ಲದೆ ಹೋದರೆ, ಇಬ್ಬರು ಕೂತು ಹೋದರೆ ಪೊಲೀಸರು ಹಿಡಿಯುತ್ತಿದ್ದರು ಎಂಬುದನ್ನು ಹೇಳುವಾಗ ಎಲ್ಲ ಮುದುಕರ ಕಣ್ಣೂ ಹೊಳೆಯುತ್ತಿತ್ತು, ಎಲ್ಲರೂ ಸಿಕ್ಕಿಬಿದ್ದವರೇ. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಿದ್ದ ಪುಟ್ಟ ಸೈಕಲ್ಲೊಂದು ಸಿಕ್ಕಿತು. ಬಡಾವಣೆಯ ಮಕ್ಕಳೆಲ್ಲ ಬಿದ್ದು ಮಂಡಿ ತರಚಿಕೊಂಡದ್ದು ಅದರ ಮೇಲೆಯೇ.

ಅಪ್ಪನ ಸೈಕಲ್ಲಿಗೆ ನಾನು ಸ್ಟ್ಯಾಂಡಿನ ಕಥೆ ಬರೆದೆ, ಟೀಯ ಕಥೆ ಬರೆದೆ. ಕಚ್ಚಿನ ಕಥೆ ಬರೆಯಲಿಲ್ಲ. ಅದು ಅವರದು.

ಸೈಕಲ್ಲುಗಳನ್ನು ಚಂದ ಮಾಡಿಕೊಡುವ ಹೊಣೆ ಹೊತ್ತವರು ಅಪ್ಪನ ಶಿಷ್ಯರೊಬ್ಬರು. ಗದಗಿನ ಕಡೆಯಿಂದ ಹುಡುಗನಾಗಿ ಬಂದು ಅಪ್ಪನ ಕೈಕೆಳಗೆ ಅಪ್ರೆಂಟಿಸ್ ಆಗಿ ಅರ ಹಿಡಿಯಲು ಕಲಿತವರು. ಈಗ ಪೀಣ್ಯದಲ್ಲಿ ಅವರದೇ ಪೌಡರ್ ಕೋಟಿಂಗ್ ಶೆಡ್ಡು ಇದೆ. ಯಂತ್ರಗಳ ಬಿಡಿಭಾಗಗಳಿಗೆ ಪುಡಿ ಬಣ್ಣ ಸಿಂಪಡಿಸಿ, ದೊಡ್ಡ ಒಲೆಯಲ್ಲಿ ಬೇಯಿಸಿ ಕೊಡುವ ಕೆಲಸ. ಪ್ರತಿ ಆಯುಧಪೂಜೆಗೆ ಶೆಡ್ಡಿನ ಪೂಜೆಯಾದ ಕೂಡಲೇ ಮೊದಲ ತಟ್ಟೆ ಪ್ರಸಾದ ನಮ್ಮ ಮನೆಗೆ. ಅಪ್ಪ ಅವರನ್ನು ಗುರುತಿಸುವುದು ನಿಂತ ಮೇಲೂ ಬಂದು ಕಾಲು ಮುಟ್ಟಿ ಹೋಗುತ್ತಿದ್ದರು.

“ಅಕ್ಕಾರ, ನೀವೇನೂ ಚಿಂತಿ ಮಾಡಬ್ಯಾಡ್ರಿ,” ಎಂದು ಅಮ್ಮನಿಗೆ ಹೇಳಿದರು. “ಸರ್ ಗಾಡಿ ಬ್ಯಾರೆಯವ್ರ ಕೈಗೆ ಕೊಡೂದಿಲ್ಲ. ನಾನ ಖುದ್ದ ನಿಂತು ಮಾಡಸ್ತೇನಿ.”

ಒರೆಸಿ, ಎಣ್ಣೆ ಬಿಟ್ಟು, ಟೈರು ಟ್ಯೂಬು ಬದಲಿಸಿ ಕೊಡುತ್ತಾರೆ ಎಂದು ನಾವು ತಿಳಿದೆವು. ಟೆಂಪೋದಲ್ಲಿ ಎಲ್ಲವೂ ಹೋದವು. ಅಪ್ಪ ಬೆಳಿಗ್ಗೆ ಸಂಪಿನ ಬಳಿ ನಿಂತು, “ಗಾಡಿ?” ಎಂದರು. ಸರ್ವಿಸಿಗೆ ಕೊಟ್ಟಿದೆ ಎಂದಳು ಅಮ್ಮ. “ಹಾಂ, ಬ್ರೇಕ್ ನೋಡೋಕೆ ಹೇಳು,” ಎಂದರು. ಮರುದಿನವೂ ಹಾಗೆಯೇ ಕೇಳಿದರು, ಹಾಗೆಯೇ ಸಮಾಧಾನಪಟ್ಟರು.

ರಾಜ್ಯೋತ್ಸವದ ಬೆಳಿಗ್ಗೆ ಪಾರ್ಕ್ ಗೇಟಿನ ಬಳಿ ಶಾಮಿಯಾನ ಹಾಕಿದ್ದರು. ಬೇರೆ ಬೇರೆ ಕಡೆ ಸಾಗಿಸುವ ಮೊದಲು ಎಲ್ಲ ಸೈಕಲ್ಲುಗಳನ್ನೂ ಅಲ್ಲೇ ಸಾಲಾಗಿ ನಿಲ್ಲಿಸಿದ್ದರು. ಹಳೆಯ ಬಣ್ಣವನ್ನೆಲ್ಲ ಆಸಿಡ್ ತೊಟ್ಟಿಯಲ್ಲಿ ಕಳಚಿ, ಹಳದಿ ಕೆಂಪು ಪೌಡರ್ ಹೊಡೆದು ಬೇಯಿಸಿದ್ದರು. ಅಂಗಡಿಯಿಂದ ಈಗ ತಾನೇ ಬಂದ ಹಾಗೆ ಮಿರುಗುತ್ತಿದ್ದವು. ಜನ ಮುಗಿಬಿದ್ದು ಫೋಟೋ ತೆಗೆದುಕೊಳ್ಳುತ್ತಿದ್ದರು. ನಿವೃತ್ತ ಶಿಕ್ಷಕಿ ತಮ್ಮ ಸೈಕಲ್ಲನ್ನು ನೋಡಿ, “ಅಯ್ಯೋ, ಮದುಮಗಳ ಹಾಗಿದೆ,” ಎಂದು ಕೆನ್ನೆ ಮುಟ್ಟಿಕೊಂಡರು. ಅಪ್ಪನದು ಮಾತ್ರ ಕಪ್ಪಗೇ ಇತ್ತು. ಕಪ್ಪು ಎಂದರೆ ಕನ್ನಡಿಯ ಹಾಗೆ.

“ಎಲ್ಲಾದಕ್ಕೂ ಬಾವುಟದ ಬಣ್ಣ ಹೊಡಿಸೇನ್ರಿ,” ಎಂದು ಶಿಷ್ಯರು ಕಾರ್ಯದರ್ಶಿಗಳಿಗೆ ಹೇಳುತ್ತಿದ್ದರು. “ಸರ್ ಗಾಡಿ ಬಣ್ಣ ಬದಲ ಮಾಡೋ ಧೈರ್ಯ ಮಾತ್ರ ನನಗಾಗಲಿಲ್ಲ ನೋಡ್ರಿ. ಎದ್ದು ಬಂದು ಕಪಾಳಕ್ಕ ಕೊಟ್ಟಾರ ಅಂತ.”

ಎಲ್ಲರೂ ನಕ್ಕರು. ಅಪ್ಪನಿಗೆ ಶಾಲು ಹೊದಿಸಿ ಸೈಕಲ್ಲಿನ ಬಳಿ ಕರೆದುಕೊಂಡು ಹೋದರು. ಅವರು ಹ್ಯಾಂಡಲ್ಲನ್ನು ನೋಡಿದರು, ಚೈನನ್ನು ನೋಡಿದರು, ಮೆಚ್ಚುಗೆಯಿಂದ ತಲೆಯಾಡಿಸಿದರು. ಆಮೇಲೆ ಸೀಟಿನಡಿಗೆ ಕೈ ಹಾಕಿದರು. ಬೆರಳು ಒಂದು ಸಲ ಹೋಗಿ ಬಂತು, ಇನ್ನೊಂದು ಸಲ ಹೋಗಿ ಬಂತು. ಬಿಸಿ ತಾಗಿದವರಂತೆ ಕೈ ಹಿಂದಕ್ಕೆ ತೆಗೆದುಕೊಂಡರು.

“ಚೆನ್ನಾಗಿದೆ. ಯಾರ್ದು?”

“ನಿಮ್ದೇ ಸಾರ್!” ಎಂದು ಸುತ್ತಲಿದ್ದವರೆಲ್ಲ ಕೂಗಿದರು.

“ಅಲ್ಲ ಅಲ್ಲ.” ಅಪ್ಪ ಎರಡು ಹೆಜ್ಜೆ ಹಿಂದೆ ಸರಿದರು. “ನಮ್ದಲ್ಲ. ಬೇರೆಯವ್ರ ಗಾಡಿ ನಂಗ್ಯಾಕೆ ಕೊಡ್ತೀರಿ? ಪಾಪ, ಅವ್ರು ಹುಡುಕ್ತಿರ್ತಾರೆ.”

ಜನ ಇನ್ನೂ ಜೋರಾಗಿ ನಕ್ಕರು. ಅಷ್ಟು ಹೊಸದಾಗಿ ಕಾಣುತ್ತಿದೆ ಎಂಬುದು ಅವರಿಗೆ ಹೊಗಳಿಕೆಯಾಗಿ ಕೇಳಿಸಿತು. ಶಿಷ್ಯರ ಮುಖ ಅರಳಿತ್ತು. ನನ್ನ ಕಡೆ ಬಗ್ಗಿ ಮೆಲ್ಲಗೆ, ಒಂದು ಗುಟ್ಟು ಹೇಳುವಂತೆ ಹೇಳಿದರು:

“ತಂಗೀ, ಸೀಟಿನ ಬುಡಕ ಒಂದು ಕಚ್ಚ ಬಿದ್ದಿತ್ತು ನೋಡವಾ, ಎಲ್ಲೋ ಪೆಟ್ಟ ತಿಂದಿರಬೇಕು. ವೆಲ್ಡ್ ತುಂಬಿ, ಗ್ರೈಂಡ್ ಮಾಡಿ, ಮ್ಯಾಲೆ ಕೈಲೇ ಎಮರಿ ಪೇಪರ್ ತಿಕ್ಕೇನಿ. ಹುಡುಗೂರಿಗೆ ಬಿಡಲಿಲ್ಲ. ಸರ್ ನನಗ ಮೊದಲನೇ ದಿನ ಕಲಿಸಿದ್ದ ಅದ. ಕಣ್ಣ ನಂಬಬ್ಯಾಡ, ಬೆರಳ ಆಡಿಸಿ ನೋಡು, ಬೆರಳಿಗೆ ಏನೂ ಹತ್ತಬಾರದು ಅಂತ. ನೀ ಬೇಕಾರ ಬೆರಳ ಆಡಿಸಿ ನೋಡು.”

ನಾನು ಬೆರಳಾಡಿಸಿ ನೋಡಿದೆ. ಲೋಹದ ಮೈ ಹೇಗಿದೆ ಎಂದು ನೋಡುವುದು ನನ್ನ ದಿನದ ಕೆಲಸ. ಎಲ್ಲಿ ತುಂಬಿದ್ದಾರೆ, ಎಲ್ಲಿ ಹಳೆಯದು ಎಂದು ನನಗೂ ತಿಳಿಯಲಿಲ್ಲ. ಅಷ್ಟು ಒಳ್ಳೆಯ ಕೆಲಸ.

“ತುಂಬ ಚೆನ್ನಾಗಿ ಮಾಡಿದೀರಿ ಅಣ್ಣ,” ಎಂದೆ.

ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲಿ ಅಮ್ಮನಿಗೆ ಹೇಳಿದೆ. ಅವಳು ಶಾಮಿಯಾನದ ಕೆಳಗೇ ಅಪ್ಪನ ಕೈ ನೋಡಿ ಅರ್ಥ ಮಾಡಿಕೊಂಡಿದ್ದಳು. ಒಲೆಯ ಮೇಲಿದ್ದ ಸಾರನ್ನು ಸುಮ್ಮನೆ ಕಲಕುತ್ತಾ ನಿಂತಳು.

“ಅವ್ನಿಗೆ ಹೇಳ್ಬೇಡ,” ಎಂದಳು ಕೊನೆಗೆ. “ಗೊತ್ತಾದ್ರೆ ಅವ್ನು ಇನ್ನೊಂದ್ಸಲ ಈ ಮನೆ ಬಾಗ್ಲಿಗೆ ಬರಲ್ಲ. ಇವ್ರು ಕಲಿಸಿದ್ದನ್ನೇ ತಾನೇ ಮಾಡಿದ್ದು ಅವ್ನು.”

ಮರುದಿನ ಬೆಳಿಗ್ಗೆ ಅಪ್ಪ ಖಾಲಿ ಜಾಗದಲ್ಲಿ ನಿಂತಿದ್ದರು. ಗಾಡಿ ಪಾರ್ಕ್ ಗೇಟಿನಲ್ಲಿದೆ ಎಂದು ಅಮ್ಮ ಕರೆದುಕೊಂಡು ಹೋದಳು. ಬೆರಳಾಡಿಸಿ, “ಇದಲ್ಲ,” ಎಂದರು. ಮನೆಗೆ ಬಂದು ಬಚ್ಚಲಿನಲ್ಲಿ ನೋಡಿದರು, ತುಳಸಿಕಟ್ಟೆಯ ಹಿಂದೆ ನೋಡಿದರು, ಮಂಚದ ಕೆಳಗೂ ಬಗ್ಗಿ ನೋಡಿದರು. ಮಧ್ಯಾಹ್ನದ ಊಟಕ್ಕೆ ಕೂರಲಿಲ್ಲ.

“ಸಿಗುತ್ತೆ ಬನ್ನಿ,” ಎಂದಳು ಅಮ್ಮ. “ಇವತ್ತಿಲ್ದಿದ್ರೆ ನಾಳೆ ಸಿಗುತ್ತೆ.”

ಹೀಗೆ ಹುಡುಕಾಟ ಶುರುವಾಯಿತು. ನಾನು ಲ್ಯಾಬಿನಿಂದ ಬರುವುದನ್ನೇ ಕಾದಿದ್ದು ಹೊರಡುತ್ತಿದ್ದರು. ಪಾರ್ಕ್ ಗೇಟು, ಬೇಕರಿ, ನೀರಿನ ಟ್ಯಾಂಕು, ಬಸ್ ಸ್ಟಾಪು. ಹಳದಿಯೋ ಕೆಂಪೋ ಕಪ್ಪೋ, ಬಣ್ಣದ ಗೊಡವೆಗೆ ಹೋಗುತ್ತಿರಲಿಲ್ಲ. ಪ್ರತಿಯೊಂದರ ಸೀಟಿನಡಿಗೂ ಬೆರಳು ತೂರಿಸಿ, ಇಲ್ಲವೆಂದು ಖಚಿತವಾದ ಮೇಲೆ ಆ ಸೀಟನ್ನು ಅಂಗೈಯಿಂದ ಒರೆಸಿ, ಮುಂದಿನದಕ್ಕೆ ಹೋಗುತ್ತಿದ್ದರು. ಮುಟ್ಟಿದ್ದಕ್ಕೆ ಕ್ಷಮೆ ಕೇಳುವ ಹಾಗೆ. ನನ್ನ ಬೋರ್ಡುಗಳನ್ನು ಓದುತ್ತಾ ನಿಂತ ಮಕ್ಕಳು ದಾರಿ ಬಿಡುತ್ತಿದ್ದರು.

“ಲೋ, ಇನ್‌ಸ್ಪೆಕ್ಷನ್‌ಗೆ ಸಾರ್ ಬಂದ್ರು ಕಣ್ರೋ. ಚಕ್ರಕ್ಕೆ ಗಾಳಿ ಹೊಡೀರಿ,” ಎಂದು ಬಸ್ ಸ್ಟಾಪಿನಲ್ಲಿ ಒಬ್ಬ ಹುಡುಗ ಗೆಳೆಯರಿಗೆ ಹೇಳಿದ. ಆಮೇಲೆ ನನ್ನನ್ನು ಕಂಡು, “ಸಾರಿ ಅಕ್ಕ,” ಎಂದ. ಪರವಾಗಿಲ್ಲ ಎಂದೆ. ಕೆಟ್ಟ ಮಾತಲ್ಲ ಅದು.

ಬೇಕರಿಯವರ ಹತ್ತಿರ ಅಪ್ಪ ದೂರು ಕೊಟ್ಟರು.

“ನನ್ನ ಗಾಡಿ ಕಾಣ್ತಿಲ್ಲ. ಕಳ್ಳತನ ಅಂತ ನಾನು ಹೇಳಲ್ಲ. ಯಾರೋ ತಮ್ಮದು ಅಂದ್ಕೊಂಡು ತಗೊಂಡ್ ಹೋಗಿದಾರೆ. ಬಂದ್ರೆ ಹೇಳಿ, ಟೀ ಕೊಡಿಸ್ಬೇಕಾಗುತ್ತೆ ಅಂತ.”

“ಬರೀ ಟೀ ಸಾಕಾ ಸಾರ್? ಒಂದ್ ಪೀಸ್ ದಿಲ್‌ಪಸಂದ್ ಸೇರಿಸಿ ವಸೂಲಿ ಮಾಡೋಣ.”

“ಇಲ್ಲ. ಟೀ ಅಷ್ಟೇ. ರೂಲ್ಸು.”

ಬೇಕರಿಯವರು ಗಂಭೀರವಾಗಿ ತಲೆಯಾಡಿಸಿದರು. ಅಂದಿನಿಂದ ಅಪ್ಪ ಹೋದಾಗಲೆಲ್ಲ ಅವರೇ, “ಇನ್ನೂ ಬಂದಿಲ್ಲ ಸಾರ್, ನೋಡ್ತಾ ಇದೀನಿ,” ಎಂದು ಮೊದಲು ಹೇಳುತ್ತಿದ್ದರು.

ಮನೆಗೆ ಬಂದ ಮೇಲೆ ಅಮ್ಮ, “ಎಲ್ಲೆಲ್ಲಿ ನೋಡಿದ್ರು?” ಎನ್ನುತ್ತಿದ್ದಳು. ಹೇಳುತ್ತಿದ್ದೆ. “ಏನಂದ್ರು?” ನಮ್ಮದಲ್ಲ ಎಂದರು ಎನ್ನುತ್ತಿದ್ದೆ. ಅವಳು ಅಪ್ಪನ ಕಡೆ ತಿರುಗಿ, “ನಾಳೆ ಸಿಗುತ್ತೆ ಬಿಡಿ,” ಎನ್ನುತ್ತಿದ್ದಳು. ಅಪ್ಪ, “ಸಿಗ್ಲೇಬೇಕಲ್ಲ, ಎಲ್ಲಿಗ್ ಹೋಗುತ್ತೆ,” ಎನ್ನುತ್ತಿದ್ದರು. ಅವರು ಸೊರಗುತ್ತಿದ್ದರು. ರಾತ್ರಿ ನಿದ್ದೆ ಕಡಿಮೆಯಾಯಿತು.

ಒಂದು ಭಾನುವಾರ, ಅಪ್ಪ ಊಟ ಮಾಡಿ ಮಲಗಿದ್ದಾಗ, ಅವರ ಪೆಟ್ಟಿಗೆಯಿಂದ ಅರ ತೆಗೆದುಕೊಂಡು ಪಾರ್ಕ್ ಗೇಟಿಗೆ ಹೋದೆ. ಕಚ್ಚು ಎಲ್ಲಿತ್ತೆಂದು ನನ್ನ ಬೆರಳಿಗೆ ಗೊತ್ತಿತ್ತು. ಎಷ್ಟು ಆಳ, ಎಷ್ಟು ಅಗಲ ಎಂದು ಗೊತ್ತಿರಲಿಲ್ಲ. ಊರಿನವರ ಗೇಜುಗಳನ್ನೆಲ್ಲ ಅಳೆದು ಕೊಡುವ ನಾನು ಅದನ್ನು ಅಳೆದಿಟ್ಟುಕೊಂಡಿರಲಿಲ್ಲ. ಅದನ್ನು ಅಳೆಯಬೇಕು ಎಂದು ಯಾರಿಗಾದರೂ ಯಾಕೆ ಹೊಳೆಯುತ್ತದೆ? ಕರಿಯ ಕೋಟಿಂಗ್ ಸಿಪ್ಪೆ ಸಿಪ್ಪೆಯಾಗಿ ಎದ್ದಿತು. ಅದರ ಕೆಳಗಿನ ಕಬ್ಬಿಣ ಬೆಳ್ಳಗೆ ಕಂಡಿತು. ಬೆರಳು ಕೂರುವಷ್ಟಾದ ಮೇಲೆ ನಿಲ್ಲಿಸಿದೆ.

ಸಂಜೆ ಅಪ್ಪನೊಂದಿಗೆ ಬಂದೆ. 

ಅವರ ಬೆರಳು ಸೀಟಿನಡಿಗೆ ಹೋಯಿತು, ನಿಂತಿತು. ಮುಖ ಮೇಲಕ್ಕೆತ್ತಿದರು. ನಾನು ಅವರ ಬಾಯನ್ನೇ ನೋಡುತ್ತಿದ್ದೆ. ಬೆರಳು ಮತ್ತೆ ಆಡಿತು, ಅಂಚಿನ ಮೇಲೆ, ಒಳಗೆ, ಈಚೆಯ ಅಂಚಿನ ಮೇಲೆ.

“ಇದು ಇವತ್ತು ಹಾಕಿದ್ದು,” ಎಂದರು. “ಯಾರೋ ಕಲಿಯೋರು. ಅಂಚು ನೋಡಿ, ಚೂಪು ಹಾಗೇ ಬಿಟ್ಟಿದಾರೆ. ಕೈ ಕುಯ್ಯುತ್ತೆ. ಅರ ಇದೆಯಾ ಮೇಡಂ?”

ಚೀಲದಲ್ಲಿತ್ತು. ಕೊಟ್ಟೆ. ಅದು ತಮ್ಮ ಅರ ಎಂದು ಅವರಿಗೆ ಗೊತ್ತಾಗಲಿಲ್ಲ, ಆದರೆ ಕೈಗೆ ಗೊತ್ತಾಯಿತು. ಬೆನ್ನು ನೆಟ್ಟಗಾಯಿತು, ಎಡಗಾಲು ಮುಂದೆ ಬಂತು. ಶರ್ಟಿನ ಗುಂಡಿ ಹಾಕಿಕೊಳ್ಳಲು ಬೆಳಿಗ್ಗೆ ಒದ್ದಾಡಿದ್ದ ಬೆರಳುಗಳು ಅರದ ತುದಿಯನ್ನು ನಯವಾಗಿ ಹಿಡಿದವು.

“ಮುಂದಕ್ಕೆ ಹೋಗೋವಾಗ ಒತ್ತು. ವಾಪಸ್ ಬರೋವಾಗ ಅರಕ್ಕೆ ರೆಸ್ಟು,” ಎಂದರು, ಉಜ್ಜುತ್ತಲೇ. “ಹೋಗ್ತಾ ಬರ್ತಾ ಎರಡೂ ಕಡೆ ಉಜ್ಜೋರು ತೆಂಗಿನಕಾಯಿ ತುರಿಯೋಕೆ ಲಾಯಕ್ಕು. ಹಿಡೀರಿ ಮೇಡಂ, ನೀವು ಮಾಡಿ. ಹಾಂ. ಭುಜದಿಂದ ಅಲ್ಲ, ಸೊಂಟದಿಂದ. ಹಾಂ.”

ಚಿಕ್ಕವಳಿದ್ದಾಗ ಅರ ಮುಟ್ಟಲು ಅಪ್ಪ ನನ್ನನ್ನು ಬಿಟ್ಟಿರಲಿಲ್ಲ. ಕೇಳಿದರೆ, ನೀನು ಓದು ಹೋಗು ಎನ್ನುತ್ತಿದ್ದರು. ಈಗ ನನ್ನ ಮಣಿಕಟ್ಟನ್ನು ಹಿಡಿದು ಓರೆ ತಿದ್ದಿದರು. ಗಟ್ಟಿಯಾದ, ಒಣಗಿದ ಅಂಗೈ. ಯಾರೋ ಒಬ್ಬ ಮೇಡಂಗೆ ಅವರು ಬಹಳ ತಾಳ್ಮೆಯಿಂದ ಕಲಿಸಿದರು. ನಾನು ಅಳಬಾರದೆಂದು ಅರದ ಹಲ್ಲುಗಳನ್ನು ನೋಡುತ್ತಾ ಉಜ್ಜಿದೆ.

ಕೊನೆಗೆ ಅಂಚಿನ ಮೇಲೆ ಬೆರಳಾಡಿಸಿ ಅವರಿಗೆ ತೃಪ್ತಿಯಾಯಿತು. “ಈಗ ಸರಿ. ಗಾಡಿ ಯಾರ್ದೋ ಏನೋ, ಅವ್ರ ಕೈ ಉಳೀತು,” ಎಂದು ಅರವನ್ನು ಹಿಡಿ ನನ್ನ ಕಡೆಗೆ ಮಾಡಿ ವಾಪಸು ಕೊಟ್ಟರು. ಆಮೇಲೆ ತಮ್ಮ ಗಾಡಿ ಹುಡುಕಲು ಬೇಕರಿಯ ಕಡೆ ಹೊರಟರು.

ಒಂದೆರಡು ದಿನ ಬಿಟ್ಟು ಶಿಷ್ಯರು ಮನೆಗೆ ಓಡಿ ಬಂದರು. ಸಿಟ್ಟಿನಲ್ಲಿದ್ದರು.

“ಅಕ್ಕಾರ, ಯಾವನೋ ಕಿಡಿಗೇಡಿ ಸರ್ ಗಾಡಿಗೆ ಅರ ಹಾಕ್ಯಾನ್ರಿ! ಸೀಟಿನ ಬುಡಕ, ಅದ ಜಾಗಾದಾಗ. ನಾಳೆ ಟೆಂಪೋ ಕಳಸ್ತೇನಿ. ಮತ್ತ ತುಂಬಿ, ಮತ್ತ ಕೋಟಿಂಗ್ ಮಾಡ್ಸೂಣು.”

ನಾನು ಅಮ್ಮನನ್ನು ನೋಡಿದೆ. ಅಮ್ಮ ಒಂದು ಕ್ಷಣವೂ ತಡೆಯಲಿಲ್ಲ.

“ಬೇಡಪ್ಪ, ಅದು ಹಾಗೇ ಇರ್ಲಿ. ಅವ್ರೇ ಅರ ಹಿಡಿದು ಮಾಡಿದ್ದು.”

ಅವರು ಬಾಯಿ ತೆರೆದುಕೊಂಡು ನಿಂತರು. “ಸರ್? ಸರ್ ಇನ್ನೂ ಅರ ಹಿಡೀತಾರೇನ್ರಿ?”

“ಹಿಡಿದ್ರು.”

ಅವರು ಚಪ್ಪಲಿ ಬಿಟ್ಟು ಒಳಗೆ ಬಂದು, ಕುರ್ಚಿಯಲ್ಲಿ ಕೂತಿದ್ದ ಅಪ್ಪನ ಕಾಲಿನ ಬಳಿ ನೆಲದ ಮೇಲೆ ಕೂತುಬಿಟ್ಟರು. ಅಪ್ಪ ಗಾಬರಿಯಾಗಿ ನನ್ನ ಕಡೆ ನೋಡಿ, “ಇವ್ರಿಗೆ ಏನ್ ಬೇಕಂತೆ ಕೇಳಿ ಮೇಡಂ,” ಎಂದರು.

ಪ್ರದರ್ಶನ ತಿಂಗಳಿಗೆ ಮುಗಿಯಬೇಕಿತ್ತು. ಜನ ಇಷ್ಟಪಟ್ಟರೆಂದು ಹಾಗೆಯೇ ಉಳಿಯಿತು. ಮೆಟ್ರೋ ಸ್ಟೇಷನ್ನಿನ ಕಡೆಯಿಂದಲೂ ಜನ ನೋಡಲು ಬರುತ್ತಿದ್ದರು. ಚಳಿ ಹೆಚ್ಚಿತು. ಅಪ್ಪ ಮಫ್ಲರ್ ಕಟ್ಟಿಕೊಂಡು ನಡೆಯುತ್ತಿದ್ದರು. ನನಗೆ ಆಯಾಸವಾಗುತ್ತಿತ್ತು. ಕೆಲವು ಸಂಜೆ, ಇವತ್ತೊಂದು ದಿನ ಈ ಹುಡುಕಾಟ ಇಲ್ಲದಿದ್ದರೆ ಸಾಕು ಎಂದು ಅನಿಸಿದ್ದುಂಟು.

ಸಂಕ್ರಾಂತಿಗೆ ಹತ್ತಿರ, ಅಂಗಡಿಗಳ ಮುಂದೆ ಕಬ್ಬು ನಿಲ್ಲಿಸಿದ್ದ ಒಂದು ಸಂಜೆ, ನಾವು ಎಂದಿನಂತೆ ಹೊರಟೆವು. ಪಾರ್ಕ್ ಗೇಟು ಬಂತು. ನಾನು ಅಭ್ಯಾಸಬಲದಿಂದ ನಿಂತೆ. ಅಪ್ಪ ನಿಲ್ಲಲಿಲ್ಲ. ಕಬ್ಬಿನ ಜಲ್ಲೆಗಳನ್ನು ನೋಡುತ್ತಾ ಮುಂದೆ ಹೋದರು. ನಾನು ಓಡಿ ಜೊತೆಗೂಡಿದೆ. ಬೇಕರಿಯ ಮುಂದೆಯೂ ನಿಲ್ಲಲಿಲ್ಲ.

“ಸಾರ್, ಇನ್ನೂ ಬಂದಿಲ್ಲ,” ಎಂದು ಬೇಕರಿಯವರು ಒಳಗಿನಿಂದ ಕೂಗಿದರು. ಅಪ್ಪ ಅವರತ್ತ ನೋಡಿ, ಅಪರಿಚಿತರಿಗೆ ಮಾಡುವ ಹಾಗೆ ಕೈಮುಗಿದು ನಡೆದರು.

ಟ್ಯಾಂಕಿನ ಬಳಿ ತಡೆಯಲಾಗದೆ ಕೇಳಿದೆ. “ಅಪ್ಪ, ಗಾಡಿ ನೋಡಲ್ವಾ?”

“ಯಾವ ಗಾಡಿ?”

“ಸೈಕಲ್. ನಿಮ್ಮ ಸೈಕಲ್.”

ಅವರು ಸ್ವಲ್ಪ ಯೋಚಿಸಿದರು. ನನಗೆ ಬೇಸರವಾಗಬಾರದು ಎಂದು ಯೋಚಿಸಿದರೆಂದು ತೋರುತ್ತದೆ. “ನನಗೆ ಸೈಕಲ್ ಬರಲ್ಲ ಮೇಡಂ,” ಎಂದರು.

ಬಸ್ ಸ್ಟಾಪಿನವರೆಗೂ ಹೋಗಿ ತಿರುಗಿ ಬಂದೆವು. ಅಪ್ಪ ಅಂದು ಚೆನ್ನಾಗಿ ಊಟ ಮಾಡಿದರು. ಬಹಳ ದಿನಗಳ ಮೇಲೆ ಹೊತ್ತಿಗೆ ಸರಿಯಾಗಿ ನಿದ್ದೆ ಹೋದರು.

ತಟ್ಟೆ ಎತ್ತುತ್ತಾ ಅಮ್ಮ ಕೇಳಿದಳು. “ಇವತ್ತು ಎಲ್ಲೆಲ್ಲಿ ನೋಡಿದ್ರು?”

“ಎಲ್ಲಾ ಕಡೆ,” ಎಂದೆ. “ಬೇಕರಿ, ಟ್ಯಾಂಕು, ಬಸ್ ಸ್ಟಾಪು.”

“ಏನಂದ್ರು?”

“ನಮ್ದಲ್ಲ ಅಂದ್ರು.”

ಅಂದಿನಿಂದ ದಿನಾ ಹಾಗೆಯೇ ಹೇಳುತ್ತೇನೆ. ಒಂದೇ ಥರ ಹೇಳಿದರೆ ಗೊತ್ತಾಗಬಹುದೆಂದು, ಕೆಂಪು ಸೈಕಲ್ಲಿನ ಹತ್ತಿರ ಬಹಳ ಹೊತ್ತು ನಿಂತರು ಎಂದೋ, ಬೇಕರಿಯವರನ್ನು ಸ್ವಲ್ಪ ಗದರಿದರು ಎಂದೋ ಸೇರಿಸುತ್ತೇನೆ. ಅಮ್ಮ ಕೆಲಸ ನಿಲ್ಲಿಸಿ ಪೂರ್ತಿ ಕೇಳುತ್ತಾಳೆ. ಅವಳು ನಿಂತು ಪಾತ್ರೆ ತೊಳೆಯುವ ಕಡೆಯ ಕಿಟಕಿಯಿಂದ ಪಾರ್ಕ್ ಗೇಟು ನೇರವಾಗಿ ಕಾಣುತ್ತದೆ. ಅಲ್ಲಿ ಯಾರು ನಿಂತರು, ಯಾರು ನಿಲ್ಲದೆ ಹೋದರು ಎಂಬುದು ಕಾಣದಿರಲು ಸಾಧ್ಯವಿಲ್ಲ.

ನಿನ್ನೆಯೂ ಕೇಳಿದಳು.